ಸೌತೆಕಾಯಿಯ ಮೇಲೆ ಬಂದ ಅಪವಾದ

ಚಿಕ್ಕವಳು ಬನ್ನಿನ ಅಚ್ಚುಗಳಿಗೆ ಎಣ್ಣೆ ಸವರುತ್ತಿದ್ದಳು. ಬ್ರಷ್ಷನ್ನು ಬಟ್ಟಲಿಗೆ ಅದ್ದುವುದು, ಅಂಚಿಗೆ ಒತ್ತಿ ಹಿಂಡುವುದು, ಅಚ್ಚಿನೊಳಗೆ ಒಂದು ಸುತ್ತು ತಿರುಗಿಸುವುದು. ಟ್ರೇಗೆ ಇಪ್ಪತ್ತನಾಲ್ಕು ಅಚ್ಚು, ಇಪ್ಪತ್ತನಾಲ್ಕು ಸುತ್ತು. ಎದುರಿನ ಮೇಜಿನಲ್ಲಿ ಅತ್ತೆ, ಅಪ್ಪನ ಅಕ್ಕ, ರಸ್ಕಿಗಾಗಿ ನಿನ್ನೆಯ ಬ್ರೆಡ್ಡು ಕತ್ತರಿಸುತ್ತಿದ್ದಳು. ಅಪ್ಪ ಭಟ್ಟಿಯ ಬಾಗಿಲ ಪಕ್ಕದಲ್ಲಿ, ಒಳಗಿನಿಂದ ಯಾರೋ ಗುಟ್ಟು ಹೇಳುತ್ತಿದ್ದಾರೆ ಎಂಬಂತೆ ತಲೆ ವಾಲಿಸಿ ನಿಂತಿದ್ದ. ಕಿಟಕಿಯಾಚೆ ಬೆಳಕು ಆಗತಾನೇ ಹರಿಯುತ್ತಿತ್ತು. ಮೂವರ ಬಾಯಿಗೂ ಬೀಗ.

ಅದು ಆ ಕೋಣೆಯ ಕಾನೂನು. ದಿನದ ಮೊದಲ ಟ್ರೇ ಹೊರಗೆ ಬಂದು, ಅಪ್ಪ ಅದರಲ್ಲೊಂದು ಬನ್ನು ಮುರಿದು, ಬಾಯಿಗೆ ಹಾಕಿಕೊಂಡು, "ಆಯ್ತು" ಅನ್ನುವವರೆಗೆ ಯಾರೂ ತುಟಿ ಬಿಚ್ಚುವಂತಿಲ್ಲ. ಮಾತಾಡಿದರೆ ಹಿಟ್ಟು ಹೆದರಿ ಕೂತುಬಿಡುತ್ತದೆ ಎಂದು ಅಜ್ಜ ಹೇಳುತ್ತಿದ್ದನಂತೆ. ಹಿಟ್ಟಿಗೆ ಕಿವಿ ಇದೆಯೋ ಇಲ್ಲವೋ, ಅತ್ತೆಗಂತೂ ಆ ಮುಕ್ಕಾಲು ಗಂಟೆಯಲ್ಲಿ ಹೊಟ್ಟೆ ಉಬ್ಬರಿಸುತ್ತಿತ್ತು. ಅಪ್ಪನ "ಆಯ್ತು" ನೆಲಕ್ಕೆ ಬೀಳುವ ಮೊದಲೇ ಅವಳು ಹಿಂದಿನ ದಿನ ಎಲ್ಲಿ ನಿಲ್ಲಿಸಿದ್ದಳೋ ಅಲ್ಲಿಂದ ಶುರುಮಾಡುತ್ತಿದ್ದಳು.

ಚಿಕ್ಕವಳಿಗೆ ದಿನವಿಡೀ ಹಾಗೇ ಇದ್ದರೆ ಚೆನ್ನಾಗಿತ್ತು ಅನಿಸುತ್ತಿತ್ತು. ಒಂಬತ್ತನೇ ತರಗತಿಯಲ್ಲಿ ಎದ್ದು ನಿಂತು ಪಾಠ ಓದು ಎಂದಾಗ ಗಂಟಲು ಕಟ್ಟಿದ ದಿನವೇ ಶಾಲೆ ಬಿಟ್ಟು ಭಟ್ಟಿಕೋಣೆ ಸೇರಿದವಳು ಅವಳು. ಈಗ ನಾಲ್ಕು ವರ್ಷ. ಅತ್ತೆ ಅವಳಿಗೆ "ಬಾಯಿಬೀಗ" ಎಂದು ಹೆಸರಿಟ್ಟಿದ್ದಳು. ಬಾಯಿಗೆ ಬೀಗವಿದ್ದರೂ ಕಣ್ಣಿಗೆ ಇರಲಿಲ್ಲ. ಯಾವ ಮೂಲೆಯಲ್ಲಿ ಹಿಟ್ಟು ಬೇಗ ಉಬ್ಬುತ್ತದೆ, ಭಟ್ಟಿಯ ಎಡಬದಿಯ ಟ್ರೇಯನ್ನು ಎಷ್ಟು ಹೊತ್ತಿಗೆ ತಿರುಗಿಸಬೇಕು, ಅಪ್ಪನ ಕೈ ದಿನಕ್ಕೆ ಎಷ್ಟು ಸಲ ಬಾಯಿಗೆ ಹೋಗುತ್ತದೆ, ಎಲ್ಲವೂ ಅವಳಿಗೆ ಗೊತ್ತಿತ್ತು. ಯಾರೂ ಕೇಳಿರಲಿಲ್ಲ. ಅವಳೂ ಹೇಳಿರಲಿಲ್ಲ.

ಈ ನೆಮ್ಮದಿಗೆ ಕಲ್ಲು ಬಿದ್ದದ್ದು ಭಾವನಿಂದ. ಅಕ್ಕನ ಗಂಡ ಲ್ಯಾಬಿನವನು. ಮನೆಮನೆಗೆ ಹೋಗಿ ರಕ್ತ ತೆಗೆಯುವುದು ಅವನ ಕೆಲಸ. ಊಟಕ್ಕೆ ಕರೆದರೂ ಸೂಜಿಯ ಚೀಲ ಬಿಟ್ಟು ಬರುವವನಲ್ಲ. ಕಳೆದ ತಿಂಗಳು ಊಟ ಮುಗಿಸಿ ಕೈ ತೊಳೆದವನು ಸುಮ್ಮನಿರಲಾರದೆ ಅಪ್ಪನ ಬೆರಳು ಚುಚ್ಚಿದ. ಚುಚ್ಚಿದ್ದೇ ಅವನ ಮುಖ ಹಳಸಿದ ಹಿಟ್ಟಿನ ಹಾಗೆ ಇಳಿಯಿತು.

"ಮಾವ, ಸಕ್ಕರೆ ಬಾಗಿಲಿಗೆ ಬಂದು ನಿಂತಿದೆ."

"ಬೇಕರಿ ಅಲ್ವೇನಪ್ಪ, ವಾರಕ್ಕೊಂದು ಮೂಟೆ ಬರುತ್ತೆ" ಅಂದ ಅಪ್ಪ.

ಅಮ್ಮ ನಗಲಿಲ್ಲ. ಅಂಗಡಿಯ ಮುಂದಿನ ಕೌಂಟರು ಅಮ್ಮನದು, ಹಿಂದಿನ ಭಟ್ಟಿ ಅಪ್ಪನದು, ನಡುವಿನ ಪರದೆಯೇ ಗಡಿ. ಆ ರಾತ್ರಿಯ ಊಟದ ಪಾತ್ರೆ ತೊಳೆಯುವ ಮೊದಲೇ ಅಮ್ಮ ತೀರ್ಪು ಕೊಟ್ಟಳು. ಭಾವ ತರುವ ಹದಿನಾಲ್ಕು ದಿನದ ಪರೀಕ್ಷೆ ಮಾಡಿಸಬೇಕು. ಅಷ್ಟರಲ್ಲಿ ಸಕ್ಕರೆ ತಗ್ಗಿದರೆ ಸರಿ. ಇಲ್ಲದಿದ್ದರೆ ಅಪ್ಪ ಮನೆಯಲ್ಲಿ ಕಾಲು ಚಾಚಿ ಕೂರಬೇಕು, ಭಟ್ಟಿ ಅವಳ ತಮ್ಮನ ಕೈಗೆ.

ಅಮ್ಮನ ತಮ್ಮ ಬೇಕರಿಗಳಿಗೆ ರೆಡಿ ಪುಡಿ ಮಾರುತ್ತಿದ್ದ. ನೀರು ಹಾಕಿ ಕಲಸಿದರೆ ಬನ್ನು, ಹಾಲು ಹಾಕಿ ಕಲಸಿದರೆ ಕೇಕು. ಅವನು ಬಂದರೆ ಹಿಟ್ಟು ನಾದುವುದೂ ಇಲ್ಲ, ಕಾಯುವುದೂ ಇಲ್ಲ, ಅಚ್ಚಿಗೆ ಎಣ್ಣೆ ಸವರುವುದೂ ಇಲ್ಲ.

"ಹಾಗಾದ್ರೆ ಇವಳು?" ಅತ್ತೆ ಚಿಕ್ಕವಳ ಕಡೆ ಗಲ್ಲ ತೋರಿಸಿದಳು.

"ನನ್ನ ಜೊತೆ ಕೌಂಟರಿಗೆ ಬರ್ತಾಳೆ. ನಾಲ್ಕು ಜನರ ಜೊತೆ ಮಾತಾಡೋದು ಕಲೀಲಿ."

ಚಿಕ್ಕವಳು ತೊಳೆಯಲು ಎತ್ತಿದ ತಟ್ಟೆಯನ್ನು ಮತ್ತೆ ಕೆಳಗಿಟ್ಟಳು. ಕೌಂಟರು! ಅಲ್ಲಿ ಬರುವವರೆಲ್ಲ ಏನಾದರೂ ಕೇಳುತ್ತಾರೆ. ಇವತ್ತಿನದಾ, ನಿನ್ನೆದಾ, ಮೊಟ್ಟೆ ಹಾಕಿದೀರಾ, ನಿನ್ನ ಮದುವೆ ಯಾವಾಗ. ಅಪ್ಪನ ಸಕ್ಕರೆ ಇಳಿಯಲೇಬೇಕು ಎಂದು ಆ ಮನೆಯಲ್ಲಿ ಅವಳಷ್ಟು ಆಸೆಪಟ್ಟವರು ಬೇರೆ ಯಾರೂ ಇರಲಿಲ್ಲ.

ಭಾವ ಪೆಟ್ಟಿಗೆ ಹಿಡಿದುಕೊಂಡೇ ಬಂದ. ಅದರಲ್ಲಿ ಗುಂಡಗಿನ ಒಂದು ಬಿಲ್ಲೆ, ಒಂದು ಗಾಜಿನ ನಳಿಕೆ, ಮತ್ತೆ ನೂರೆಂಟು ಕಾಗದ.

"ಎಲ್ಲರ ಮೈಯೂ ಒಂದೇ ಥರ ಅಲ್ಲ ಮಾವ. ಬಾಳೆಹಣ್ಣು ತಿಂದ್ರೆ ಒಬ್ಬರಿಗೆ ಸಕ್ಕರೆ ಏರುತ್ತೆ, ಇನ್ನೊಬ್ಬರಿಗೆ ಅಷ್ಟು ಏರಲ್ಲ. ಈ ಬಿಲ್ಲೆ ತೋಳಿಗೆ ಅಂಟಿಸಿದ್ರೆ ಹಗಲೂ ರಾತ್ರಿ ಸಕ್ಕರೆ ನೋಡ್ತಾ ಇರುತ್ತೆ, ಫೋನಿಗೆ ಗೆರೆ ಕಳಿಸುತ್ತೆ. ನೀವು ತಿಂದದ್ದನ್ನೆಲ್ಲ ಫೋನಲ್ಲಿ ಬರೆದ್ರೆ ಸಾಕು. ನಿಮ್ಮ ಮೈಗೆ ಯಾವುದು ಆಗುತ್ತೆ, ಯಾವುದು ಆಗಲ್ಲ ಅಂತ ಅದೇ ಲೆಕ್ಕ ಹಾಕಿ ಹೇಳುತ್ತೆ."

"ಅದನ್ನ ಹೇಳೋಕೆ ನಾಲಗೆ ಇಲ್ವೇನೋ?" ಅಂದಳು ಅತ್ತೆ.

"ನಾಲಗೆ ಸುಳ್ಳು ಹೇಳುತ್ತೆ ದೊಡ್ಡಮ್ಮ."

"ನಿನ್ನ ಅತ್ತೆಮನೆಯವರ ನಾಲಗೆ ಬಗ್ಗೆ ನೀನು ಹುಷಾರಾಗಿ ಮಾತಾಡು."

ಬಿಲ್ಲೆ ತೋಳಿಗೆ ಕೂತಿತು. ತೊಡಕಾದದ್ದು ನಳಿಕೆಯದು. ಮೈಯ ಗುಣ ನೋಡಲು ಲ್ಯಾಬಿಗೆ ಎಂಜಲು ಬೇಕಂತೆ; ಅರ್ಧ ಗಂಟೆ ಏನೂ ತಿನ್ನದೆ ಇದ್ದು ಅದರೊಳಗೆ ಉಗುಳಬೇಕಿತ್ತು. ಮರುದಿನ ಬೆಳಿಗ್ಗೆ ಅಪ್ಪ ಕೆಲಸದ ನಡುವೆಯೇ ಮೂರು ಸಲ ಪ್ರಯತ್ನಿಸಿದ. ಮೂರು ಸಲವೂ ಭಾವ ನಳಿಕೆಯನ್ನು ಬೆಳಕಿಗೆ ಹಿಡಿದು, "ಮಾವ, ಇದರಲ್ಲಿ ಏನೋ ತೇಲ್ತಾ ಇದೆ" ಅಂದ.

"ನಾನೇನೂ ತಿಂದಿಲ್ಲ" ಅಂದ ಅಪ್ಪ. ಮೀಸೆಯ ಎಡತುದಿಯಲ್ಲಿ ಬಿಸ್ಕತ್ತಿನ ಪುಡಿ ಕೂತಿತ್ತು.

ಚಿಕ್ಕವಳು ಆ ಪುಡಿಯನ್ನು ನೋಡಿದಳು. ಅಪ್ಪ ಸುಳ್ಳು ಹೇಳುತ್ತಿಲ್ಲ ಎನ್ನುವುದೂ ಅವಳಿಗೆ ಗೊತ್ತಿತ್ತು. ಅವನ ಮಟ್ಟಿಗೆ ತಿನ್ನುವುದೆಂದರೆ ಕೂತು, ತಟ್ಟೆ ಇಟ್ಟುಕೊಂಡು, ಹೊಟ್ಟೆಗೆ ಹಾಕಿಕೊಳ್ಳುವುದು. ನಿಂತು ಬಾಯಿಗೆ ಹಾಕಿಕೊಳ್ಳುವುದು ಕೆಲಸ. ಕ್ಷೌರಿಕನ ಮೈಮೇಲೆ ಬೀಳುವ ಕೂದಲು ಕ್ಷೌರಿಕನದಾಗುತ್ತದೆಯೇ? ಕೊನೆಗೆ ಭಾವ ಅಪ್ಪನನ್ನು ಅಂಗಡಿಯಿಂದಾಚೆ ಕರೆದೊಯ್ದು, ಬೀದಿಯ ಕೊನೆಯ ಬೆಂಚಿನ ಮೇಲೆ ಅರ್ಧ ಗಂಟೆ ಕಾವಲು ಕೂತು, ಉಗುಳಿಸಿಕೊಂಡು ಬಂದ.

ಅಪ್ಪನ ಬೆರಳುಗಳಲ್ಲಿ ಸದಾ ಹಿಟ್ಟು. ಹಾಗಾಗಿ ಫೋನಿನಲ್ಲಿ ಬರೆಯುವ ಕೆಲಸ ಚಿಕ್ಕವಳಿಗೆ ಬಿತ್ತು. ಹತ್ತು ಗಂಟೆಗೆ ಅಮ್ಮ ಪರದೆ ಸರಿಸಿ ಸೌತೆಕಾಯಿ ಹೋಳಿನ ತಟ್ಟೆ ಇಡುವಳು. ನಾಲ್ಕು ಗಂಟೆಗೆ ಇನ್ನೊಂದು ತಟ್ಟೆ. ಅಪ್ಪ ಔಷಧಿ ನುಂಗುವವನಂತೆ ಅಗಿಯುವನು. ಚಿಕ್ಕವಳು ಫೋಟೋ ತೆಗೆದು ಬರೆಯುವಳು: ಸೌತೆಕಾಯಿ, ಒಂದು ತಟ್ಟೆ. ಮಧ್ಯಾಹ್ನ ಬೇಯಿಸಿದ ತರಕಾರಿ, ಬೇಳೆ, ಒಂದು ಮೊಟ್ಟೆ.

ಮೊದಲ ದಿನವೇ ಅವಳು ಅದರ ಕೆಳಗೆ ಇನ್ನೊಂದು ಸಾಲು ಬರೆದಿದ್ದಳು: ಬನ್ನಿನ ಚೂರು, ಆರು. ಅಪ್ಪ ಭುಜದ ಮೇಲಿಂದ ಬಗ್ಗಿ ನೋಡಿದ.

"ಏನೇ ಇದು? ಅದನ್ನ ನಾನೆಲ್ಲಿ ತಿಂದೆ? ಉಪ್ಪು ನೋಡಿದೆ ಅಷ್ಟೆ. ಅಳಿಸು ಪುಟ್ಟಿ, ಲ್ಯಾಬಿನವರು ನಗ್ತಾರೆ."

ಅವಳು ಅಳಿಸಿದಳು. ಆಮೇಲೆ ಬರೆಯಲಿಲ್ಲ. ಬರೆದರೆ ಅಮ್ಮನಿಗೆ ಗೊತ್ತಾಗುತ್ತದೆ. ಗೊತ್ತಾದರೆ ಅಮ್ಮ ಅಪ್ಪನನ್ನು ಭಟ್ಟಿಕೋಣೆಯಿಂದ ಹೊರಗೆಳೆಯುತ್ತಾಳೆ, ಮತ್ತೆ ಅದೇ ಪುಡಿ, ಅದೇ ಕೌಂಟರು. ಬರೆಯದಿದ್ದರೆ ಅಪ್ಪ ತಿನ್ನುತ್ತಲೇ ಇರುತ್ತಾನೆ, ಗೆರೆ ಇಳಿಯುವುದಿಲ್ಲ, ಆಗಲೂ ಅದೇ ಪುಡಿ, ಅದೇ ಕೌಂಟರು. ಅತ್ತ ದರಿ, ಇತ್ತ ಪುಲಿ. ಅವಳು ನಡುವೆ ಕೂತು ಅಚ್ಚಿಗೆ ಎಣ್ಣೆ ಸವರಿದಳು.

ಒಂದು ವಾರಕ್ಕೆ ಮೊದಲ ರಿಪೋರ್ಟು ಬಂತು. ಅದನ್ನು ಬಿಡಿಸಿ ಹೇಳಲು ಲ್ಯಾಬಿನ ಆಹಾರದ ಮೇಡಂ ಫೋನು ಮಾಡಿದಳು. ಅಮ್ಮ ಫೋನನ್ನು ಹಿಟ್ಟಿನ ಮೇಜಿನ ಮೇಲೆ ಇಟ್ಟು, ಎಲ್ಲರಿಗೂ ಕೇಳಿಸುವಂತೆ ಮಾಡಿದಳು. ಅತ್ತೆ ಚಾಕು ಕೆಳಗಿಟ್ಟಳು.

"ಸರ್, ನಿಮ್ಮದು ಬಹಳ ವಿಶೇಷವಾದ ಮೈ" ಅಂದಿತು ಫೋನು.

ಅಪ್ಪ ಮೀಸೆ ಒರೆಸಿಕೊಂಡ.

"ನಮ್ಮಲ್ಲಿ ಸಾವಿರಾರು ಜನ ಪರೀಕ್ಷೆ ಮಾಡಿಸಿದ್ದಾರೆ. ಇಂಥದ್ದು ನಾನು ನೋಡೇ ಇಲ್ಲ. ರಜೆಯ ದಿನ ನೀವು ಮಗಳ ಮನೆಯಲ್ಲಿ ಅನ್ನ, ಹುರಿದ ಆಲೂಗೆಡ್ಡೆ ತಿಂದಿದ್ದೀರಿ. ಗೆರೆ ಸ್ವಲ್ಪ ಎದ್ದು ಸುಮ್ಮನೆ ಮಲಗಿದೆ. ಆದರೆ ಸೌತೆಕಾಯಿ ತಿಂದಾಗಲೆಲ್ಲ, ಸರ್, ಪ್ರತಿ ಸಲವೂ ಗುಡ್ಡ ಹತ್ತಿದೆ. ಇನ್ನೂರರ ಮೇಲೆ."

ಅಮ್ಮ ಫೋನನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಅಂದ್ರೆ?" ಅಂದಳು ಅಮ್ಮ.

"ಆ್ಯಪ್ ಲೆಕ್ಕದ ಪ್ರಕಾರ ಇವರಿಗೆ ಸೌತೆಕಾಯಿ ಆಗಿಬರೋದಿಲ್ಲ. ನನಗೂ ನಂಬೋಕೆ ಕಷ್ಟ. ಬೇರೆ ಏನಾದರೂ ತಿಂದು ಬರೆಯೋದು ಮರೆತಿದ್ದೀರಾ ಸರ್?"

"ದೇವರಾಣೆ ಇಲ್ಲ ಮೇಡಂ" ಅಂದ ಅಪ್ಪ. ಅಂದವನ ಕೈಯಲ್ಲಿ ಕೇಕಿನ ಅಂಚು ಇತ್ತು. ಹೆಚ್ಚು ಬೆಂದಿದೆಯೋ ಎಂದು ನೋಡಲು ಬಾಯಿಗೆ ಹಾಕಿಕೊಂಡ.

"ಸರಿ. ಹಾಗಾದರೆ ಇನ್ನೊಂದು ವಾರ ನೋಡೋಣ. ಸದ್ಯಕ್ಕೆ ಸೌತೆಕಾಯಿ ನಿಲ್ಲಿಸಿ."

ಫೋನು ಇಟ್ಟದ್ದೇ ಅಪ್ಪ ಎರಡಿಂಚು ಎತ್ತರವಾದ. "ನಾನು ಹೇಳ್ಲಿಲ್ವಾ? ಆ ತಟ್ಟೆ ನೋಡಿದ್ರೇ ನನ್ನ ಮೈ ಜುಂ ಅಂತಿತ್ತು. ಸಾವಿರಾರು ಜನರಲ್ಲಿ ಒಬ್ಬ ಅಂತೆ! ಕೇಳಿಸ್ಕೊಂಡ್ಯೇನೇ ಅಕ್ಕ?"

"ಕೇಳಿಸ್ತಪ್ಪ" ಅಂದಳು ಅತ್ತೆ. "ಹುಟ್ಟಿದಾಗ್ಲೇ ಅಮ್ಮ ಹೇಳಿದ್ಲು, ಇದೇನೋ ಬೇರೆ ಥರ ಇದೆ ಅಂತ."

ಇಂಥ ಸುದ್ದಿಯನ್ನು ಪರದೆಯ ಹಿಂದೆ ಇಟ್ಟುಕೊಳ್ಳುವುದು ಅಪ್ಪನ ಕೈಲಾಗಲಿಲ್ಲ. ಬನ್ನು ಕೊಳ್ಳಲು ಬಂದವರಿಗೆಲ್ಲ ಬಾಗಿಲಿಗೆ ಬಂದು ಹೇಳಿದ. ದರ್ಜಿಗೆ ಹೇಳಿದ, ಸೈಕಲ್ ರಿಪೇರಿಯವನಿಗೆ ಹೇಳಿದ. ದರ್ಜಿ ತನಗೂ ಸೌತೆಕಾಯಿ ತಿಂದ ದಿನ ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲ ಎಂದು ನೆನಪಿಸಿಕೊಂಡ. ಎರಡು ದಿನದಲ್ಲಿ ಬೀದಿಯ ತುಂಬ ಸೌತೆಕಾಯಿಯಲ್ಲಿ ಸಕ್ಕರೆ ಇದೆ ಎಂದಾಯಿತು. ಮೂರನೇ ದಿನ ವಿಷ ಇದೆ ಎಂದಾಯಿತು.

ಆ ಮಧ್ಯಾಹ್ನ ತರಕಾರಿಯವಳು ಬಂದಳು. ಎದುರು ಮೂಲೆಯಲ್ಲಿ ಗೋಣಿ ಹಾಸಿ ಕೂರುವವಳು. ದನಿ ಬೇಕರಿಯ ಗಾಜು ನಡುಗಿಸುವಂಥದ್ದು. ಕಂಕುಳಲ್ಲಿ ಬುಟ್ಟಿ, ಬುಟ್ಟಿಯ ತುಂಬ ಬಾಡಿದ ಸೌತೆಕಾಯಿ.

"ಎಲ್ಲಿ ನಿಮ್ಮ ಮಾಸ್ಟರು? ಹೊರಗೆ ಕರೀರಿ ಅಮ್ಮ! ನನ್ನ ಸೌತೆಕಾಯಿ ಅವರಿಗೇನು ಮಾಡಿತ್ತು ಅಂತ ಕೇಳ್ಬೇಕು. ನೀರಲ್ಲಿ ಬೆಳೆದ ಕಾಯಿ, ಒಳಗಿರೋದೂ ನೀರೇ. ಮೂರು ದಿನದಿಂದ ಒಂದು ಕಾಯಿ ಹೋಗಿಲ್ಲ!"

"ನಾನು ಹೇಳಿದ್ದಲ್ಲಮ್ಮ, ಮಿಷನ್ನು ಹೇಳಿದ್ದು" ಅಂದ ಅಪ್ಪ, ಪರದೆಯ ಆಚೆಯಿಂದ.

"ಮಿಷನ್ನು! ನಿಮ್ಮ ಮಿಷನ್ನಿಗೆ ಇಪ್ಪತ್ತು ವರ್ಷದಿಂದ ಈ ಬೀದೀಲಿ ಕೂತು ಗೊತ್ತಾ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ!"

ಅವಳು ಬುಟ್ಟಿಯನ್ನು ಕೌಂಟರಿನ ಮೇಲೆ ಕುಕ್ಕಿದಳು. ಒಂದು ಸೌತೆಕಾಯಿ ಉರುಳಿ, ಪರದೆಯ ಕೆಳಗೆ ನುಸುಳಿ, ಚಿಕ್ಕವಳ ಕಾಲ ಬಳಿ ಬಂದು ನಿಂತಿತು. ಎತ್ತಿಕೊಂಡಳು. ಮುಟ್ಟಿದರೆ ಮೆತ್ತಗೆ, ಸಿಪ್ಪೆ ಸುಕ್ಕು. ಈ ಕಾಯಿ ಮಾಡಿದ ತಪ್ಪೇನು? ತಟ್ಟೆಯಲ್ಲಿ ಕೂತಿದ್ದು, ಫೋಟೋ ತೆಗೆಸಿಕೊಂಡದ್ದು. ಫೋಟೋ ತೆಗೆದವಳು ತಾನು. ತರಕಾರಿಯವಳು ಬೈದು ಬೈದು, ಕೊನೆಗೆ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಹೋದದ್ದು ಪರದೆಯ ಸಂದಿಯಿಂದ ಕಾಣಿಸಿತು. ಚಿಕ್ಕವಳಿಗೆ ಆ ರಾತ್ರಿ ಊಟ ಸೇರಲಿಲ್ಲ.

ಹೇಳಬೇಕು ಎಂದುಕೊಂಡಳು. ಹೇಳುವುದನ್ನು ನೆನೆಸಿದರೇ ಗಂಟಲಿನಲ್ಲಿ ಒಂಬತ್ತನೇ ತರಗತಿ ಬಂದು ಕೂತಿತು.

ಮರುದಿನ ಬೆಳಿಗ್ಗೆ ಅವಳು ಒಂದು ಹಳೆಯ ತಗ್ಗುಬಿದ್ದ ಟ್ರೇಯನ್ನು ತೊಳೆದು ಮೇಲಿನ ಹಲಗೆಯ ಮೇಲೆ ಇಟ್ಟಳು. ಮೊದಲ ಬನ್ನನ್ನು ಅಪ್ಪ ಮುರಿದು, ಚೂರು ಬಾಯಿಗೆ ಹಾಕಿ, "ಆಯ್ತು" ಅಂದ. ಅಪ್ಪ ಬೆನ್ನು ತಿರುಗಿಸಿದ್ದೇ ಚಿಕ್ಕವಳು ಅದೇ ಬನ್ನಿನಿಂದ ಅಷ್ಟೇ ಗಾತ್ರದ ಇನ್ನೊಂದು ಚೂರು ಮುರಿದು ಟ್ರೇಯಲ್ಲಿ ಇಟ್ಟಳು. ಅಪ್ಪ ಬ್ರೆಡ್ಡಿನ ತುದಿ ಕತ್ತರಿಸಿ ಅಗಿದ. ಅವಳು ಇನ್ನೊಂದು ತುದಿ ಕತ್ತರಿಸಿ ಇಟ್ಟಳು. ಅಪ್ಪ ಒಡೆದ ಬಿಸ್ಕತ್ತು ಎತ್ತಿಕೊಂಡರೆ ಅವಳೂ ಒಡೆದದ್ದೊಂದು. ಅಪ್ಪ ಕ್ರೀಮಿನ ಚಮಚ ನೆಕ್ಕಿದರೆ ಅವಳು ಒಂದು ಚಮಚ ಕ್ರೀಮು ಬಟ್ಟಲಿಗೆ.

ಹನ್ನೊಂದರ ಹೊತ್ತಿಗೆ ಅತ್ತೆಯ ಕಣ್ಣಿಗೆ ಬಿದ್ದಳು.

"ಯಾರಿಗೇ ಕೂಡಿಡ್ತಿದ್ದೀಯಾ ಇದನ್ನೆಲ್ಲ?"

ಚಿಕ್ಕವಳು ತಲೆ ತಗ್ಗಿಸಿದಳು. ಅತ್ತೆಯ ಕಣ್ಣು ಅಚ್ಚಿನಷ್ಟು ಅಗಲವಾಯಿತು. ಹತ್ತಿರ ಬಂದು ದನಿ ತಗ್ಗಿಸಿದಳು.

"ಗಂಡಸಾ?"

ಚಿಕ್ಕವಳು ಸ್ವಲ್ಪ ಯೋಚಿಸಿ, ಹೌದೆಂದು ತಲೆಯಾಡಿಸಿದಳು.

"ಮೀಸೆ ಇದೆಯಾ?"

ಮೀಸೆ ಇತ್ತು. ತಲೆಯಾಡಿಸಿದಳು.

"ಅಯ್ಯೋ ನನ್ನ ಬಾಯಿಬೀಗವೇ!" ಅತ್ತೆ ಎರಡೂ ಕೈಗಳಿಂದ ತನ್ನ ಬಾಯಿಯನ್ನೇ ಮುಚ್ಚಿಕೊಂಡಳು. ಆ ಗುಟ್ಟನ್ನು ಸಂಜೆಯವರೆಗೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಅವಳು ಪಟ್ಟ ಪಾಡು ಹೇಳತೀರದು. ರಸ್ಕು ಕತ್ತರಿಸುತ್ತ ತನ್ನಷ್ಟಕ್ಕೆ ನಕ್ಕಳು, ನಿಟ್ಟುಸಿರು ಬಿಟ್ಟಳು, ಎರಡು ಸಲ ಬೆರಳು ಕೊಯ್ದುಕೊಂಡಳು.

ಐದು ಗಂಟೆಗೆ ಚಿಕ್ಕವಳು ಹಿಂಬಾಗಿಲಿನಿಂದ ಹೊರಟಳು. ಎದುರು ಮೂಲೆಗೆ ಹೋಗಿ ತರಕಾರಿಯವಳ ಮುಂದೆ ನಿಂತಳು. ಅವಳು "ಏನು?" ಎಂದು ಗದರಿದಳು. ಚಿಕ್ಕವಳು ತಕ್ಕಡಿಯನ್ನು ತೋರಿಸಿದಳು, ಬೇಕರಿಯನ್ನು ತೋರಿಸಿದಳು. ಇನ್ನೊಂದು ಜಗಳಕ್ಕೆ ಕರೆ ಬಂದಿದೆ ಎಂದುಕೊಂಡು ತರಕಾರಿಯವಳು ಒಮ್ಮೆಲೇ ಎದ್ದಳು. ತಕ್ಕಡಿ ಹಿಡಿದು, ಸೆರಗು ಬಿಗಿದು, ಇವಳಿಗಿಂತ ಮುಂದೆ ನಡೆದಳು.

ಭಟ್ಟಿಕೋಣೆಯಲ್ಲಿ ಅಪ್ಪ, ಅತ್ತೆ, ಕೌಂಟರು ಬಿಟ್ಟು ಒಳಗೆ ಬಂದ ಅಮ್ಮ. ಚಿಕ್ಕವಳು ಹಲಗೆಯಿಂದ ಟ್ರೇ ಇಳಿಸಿ ಮೇಜಿನ ನಡುವೆ ಇಟ್ಟಳು. ಬನ್ನಿನ ಚೂರು, ಬ್ರೆಡ್ಡಿನ ತುದಿ, ಒಡಕು ಬಿಸ್ಕತ್ತು, ಕೇಕಿನ ಅಂಚು, ರಸ್ಕಿನ ಮೂಲೆ, ಬಟ್ಟಲಲ್ಲಿ ಕ್ರೀಮು, ಪಕ್ಕದಲ್ಲಿ ಜಾಮು. ನಾಲ್ಕು ಮಕ್ಕಳಿರುವ ಮನೆಯ ಸಂಜೆ ತಿಂಡಿಯಷ್ಟಿತ್ತು.

"ಯಾರು ತಿಂದು ಬಿಟ್ಟದ್ದು ಇದು?" ಅಂದ ಅಪ್ಪ.

ಚಿಕ್ಕವಳು ಬಾಯಿ ತೆರೆದಳು. ಮಾತು ಬರಲಿಲ್ಲ. ಬನ್ನಿನ ಚೂರೊಂದನ್ನು ಎತ್ತಿ, ಅಪ್ಪ ಮುರಿಯುವ ಹಾಗೆಯೇ ಹೆಬ್ಬೆರಳಿನಲ್ಲಿ ಮುರಿದು, ತಲೆ ಎಡಕ್ಕೆ ವಾಲಿಸಿ, ಕಣ್ಣು ಅರ್ಧ ಮುಚ್ಚಿ, ಅಗಿಯುವಂತೆ ಮಾಡಿ, "ಆಯ್ತು" ಅಂದಳು. ಮೀಸೆಯೊಂದು ಇರಲಿಲ್ಲ, ಉಳಿದದ್ದೆಲ್ಲ ಅಪ್ಪನೇ.

ಮೊದಲು ಅರ್ಥವಾದದ್ದು ಅತ್ತೆಗೆ. "ಅಯ್ಯೋ ಶಿವನೇ! ಮೀಸೆಯವನು ಇವನೇನಾ!"

"ಯಾವ ಮೀಸೆಯವನು?" ಅಂದಳು ಅಮ್ಮ.

"ಅದು ಬಿಡು, ಆಮೇಲೆ ಹೇಳ್ತೀನಿ."

"ಬೆಳಿಗ್ಗೆಯಿಂದ ಅಪ್ಪ ನೋಡಿದ ರುಚಿ" ಅಂದಳು ಚಿಕ್ಕವಳು. ದನಿ ಸಣ್ಣದು, ಆದರೆ ಬಂತು. "ಅವನು ಒಂದು ಚೂರು ಹಾಕ್ಕೊಂಡಾಗ ನಾನೊಂದು ಚೂರು ಇಟ್ಟೆ."

ಅಪ್ಪ ನಕ್ಕ. "ಸುಳ್ಳು! ಇಷ್ಟೆಲ್ಲ? ನಾನೇನು ರಾಕ್ಷಸನಾ?"

ತರಕಾರಿಯವಳಿಗೆ ಈಗ ವಿಷಯ ಹೊಳೆಯಿತು. ಒಂದು ಮಾತೂ ಆಡದೆ ತಕ್ಕಡಿ ಎತ್ತಿದಳು. ಒಂದು ಕಡೆ ತೂಕದ ಬಟ್ಟು ಇಟ್ಟಳು, ಇನ್ನೊಂದು ಕಡೆ ಚೂರುಗಳನ್ನು ಸುರಿದಳು. ಅರ್ಧ ಕಿಲೋ ಸಾಲಲಿಲ್ಲ. ಇನ್ನೂರು ಗ್ರಾಂ ಹಾಕಿದಳು. ಸಾಲಲಿಲ್ಲ. ಐವತ್ತು ಹಾಕಿದ ಮೇಲೆ ಮುಳ್ಳು ನಡುವಿಗೆ ಬಂತು.

"ಮುಕ್ಕಾಲು ಕಿಲೋ" ಎಂದು ಬೀದಿಗೇ ಕೇಳಿಸುವಂತೆ ಸಾರಿದಳು. "ಕ್ರೀಮು, ಜಾಮು ಬಿಟ್ಟು! ಮುಕ್ಕಾಲು ಕಿಲೋ ಬನ್ನು ಒಳಗೆ ಇಟ್ಕೊಂಡು ನನ್ನ ಸೌತೆಕಾಯಿ ಮೇಲೆ ಹೇಳ್ತೀರಾ ಮಾಸ್ಟ್ರೇ?"

"ಹನಿ ಹನಿ ಕೂಡಿದ್ರೆ ಹಳ್ಳ" ಅಂದಳು ಅತ್ತೆ.

ಅಪ್ಪ ತಕ್ಕಡಿಯನ್ನೇ ನೋಡಿದ. ಆಮೇಲೆ ತನ್ನ ಹೊಟ್ಟೆಯನ್ನು, ಬಾಡಿಗೆಗೆ ಕೊಟ್ಟ ಮನೆಯಲ್ಲಿ ಎಷ್ಟು ಜನ ಇದ್ದಾರೆಂದು ಈಗ ಗೊತ್ತಾದ ಯಜಮಾನನಂತೆ ನೋಡಿಕೊಂಡ. ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ, "ಅದು ಕೆಲಸ ಕಣೇ" ಅಂದ. "ತಿಂದದ್ದಲ್ಲ."

"ನಿಮ್ಮ ಹೊಟ್ಟೆಗೆ ಅದು ಗೊತ್ತಾ?" ಅಂದಳು ಅಮ್ಮ. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು. "ಸಾಕು ರೀ. ನಾಳೆಯಿಂದ ನೀವು ಈ ಕೋಣೆಗೆ ಬರಕೂಡದು. ನನ್ನ ತಮ್ಮನಿಗೆ ಫೋನ್ ಮಾಡ್ತೀನಿ."

ಹೆದರಿದ್ದೇ ಆಯಿತು. ಚಿಕ್ಕವಳ ಕಣ್ಣ ಮುಂದೆ ಕೌಂಟರು ಬಾಗಿಲಿನಷ್ಟು ಎತ್ತರವಾಗಿ ಎದ್ದು ನಿಂತಿತು.

"ನಾನಿಲ್ಲದೆ ರುಚಿ ಯಾರು ನೋಡ್ತಾರೆ?" ಅಪ್ಪನ ದನಿ ಮೊದಲ ಸಲ ಮೆತ್ತಗಾಯಿತು. "ಹಿಟ್ಟು ಯಾರು ಬೇಕಾದ್ರೂ ಕಲಸ್ತಾರೆ. ಸರಿ ಇದೆ, ಸರಿ ಇಲ್ಲ ಅನ್ನೋರು ಯಾರು? ಮೂವತ್ತು ವರ್ಷದ ನಾಲಗೆ ಇದು."

"ಇವತ್ತಿನ ಎರಡನೇ ಟ್ರೇಗೆ ಉಪ್ಪು ಜಾಸ್ತಿ" ಅಂದಳು ಚಿಕ್ಕವಳು.

ಎಲ್ಲರೂ ತಿರುಗಿದರು. ಇಂಥ ಒಂದು ಮಾತು ಅವಳ ಬಾಯಿಂದ ಬಂದದ್ದಕ್ಕೆ ಅವಳಿಗೇ ಅಚ್ಚರಿ.

"ಏನಂದೆ?"

"ಉಪ್ಪು ಜಾಸ್ತಿ. ನೀನು ಕ್ರೀಮು ನೆಕ್ಕಿ, ಅದೇ ಬಾಯಲ್ಲಿ ಬನ್ನು ನೋಡಿದೆ. ನಿಂಗೆ ಗೊತ್ತಾಗ್ಲಿಲ್ಲ."

ತಕ್ಕಡಿಯ ಚೂರುಗಳಲ್ಲಿ ಎರಡನೇ ಟ್ರೇಯವು ಯಾವುವು ಎಂದು ಅವಳಿಗೆ ಗೊತ್ತಿತ್ತು. ಬೆರಳಿನಿಂದ ಸರಿಸಿ ತೋರಿಸಿದಳು. ಅಮ್ಮ ಒಂದು ಚೂರು ತಿಂದಳು. ಅತ್ತೆ ಒಂದು ತಿಂದಳು. ತರಕಾರಿಯವಳು ಎರಡು ತಿಂದಳು.

"ಅದಕ್ಕೇ ಇವತ್ತು ಮೂರು ಜನ ಬನ್ನು ತಿಂದು ನೀರು ಕೇಳಿದ್ರು" ಅಂದಳು ಅಮ್ಮ ನಿಧಾನವಾಗಿ.

ಅಪ್ಪ ಬಾಯಿ ಮುಕ್ಕಳಿಸಿ ಬಂದು ಒಂದು ಚೂರು ಹಾಕಿಕೊಂಡ. ತಲೆ ಎಡಕ್ಕೆ ವಾಲಿತು. ಕಣ್ಣು ಅರ್ಧ ಮುಚ್ಚಿತು.

"ಜಾಸ್ತಿ ಆಗಿದೆ" ಅಂದ. ಆಮೇಲೆ, "ನಿಂಗೆ ಹೇಗೆ ಗೊತ್ತಾಯ್ತೇ?"

"ದಿನಾ ಸಾಸಿವೆಯಷ್ಟು ನೋಡ್ತೀನಿ. ನೀರು ಕುಡಿದು."

"ಎಷ್ಟು ದಿನದಿಂದ?"

"ನಾಲ್ಕು ವರ್ಷ."

"ಮತ್ತೆ ಉಪ್ಪು ಜಾಸ್ತಿ ಅಂತ ಒಂದು ದಿನನಾದ್ರೂ ಹೇಳಬಾರದಾ?"

"ನೀನು ಆಯ್ತು ಅಂದ್ಮೇಲೆ ನಾನೇನು ಹೇಳ್ಲಪ್ಪ?"

ಅಪ್ಪ ಚೂರುಗಳನ್ನು ತಕ್ಕಡಿಯಿಂದ ಮತ್ತೆ ಟ್ರೇಗೆ ಸುರಿದ.

ಅಮ್ಮ ತಮ್ಮನಿಗೆ ಫೋನು ಮಾಡಲಿಲ್ಲ. ಹದಿನಾಲ್ಕನೇ ದಿನದವರೆಗೆ ನೋಡೋಣ, ಅಲ್ಲಿಯವರೆಗೆ ನೀವು ಹಿಟ್ಟು ಮುಟ್ಟಿ, ಬೆಂಕಿ ಮುಟ್ಟಿ, ಬಾಯಿ ಮುಟ್ಟಬೇಡಿ ಅಂದಳು. ರುಚಿ ಇವಳು ನೋಡಲಿ. ಮರುದಿನದಿಂದ ಅಪ್ಪ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಓಡಾಡಿದ. ಅಭ್ಯಾಸದ ಕೈ ಆಗಾಗ ತಪ್ಪಿಸಿಕೊಂಡು ಟ್ರೇಯ ಕಡೆಗೆ ಹೊರಡುತ್ತಿತ್ತು. ಅತ್ತೆ ರಸ್ಕಿನ ಚಾಕುವಿನ ಹಿಡಿಯಿಂದ ಅದಕ್ಕೊಂದು ಕೊಟ್ಟು ವಾಪಸು ಕಳಿಸುತ್ತಿದ್ದಳು. ಸೌತೆಕಾಯಿಯ ತಟ್ಟೆ ಮತ್ತೆ ಬಂತು. ಈ ಸಲ ತರಕಾರಿಯವಳೇ ಹೆಚ್ಚಿ, ತಂದಿಟ್ಟು, ಕೊನೆಯ ಹೋಳು ಗಂಟಲಿನಿಂದ ಇಳಿಯುವವರೆಗೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದಳು. ಬಾಗಿಲಲ್ಲಿ ನಾಲ್ಕು ಜನ ಸೇರಿದರೆ, "ನೋಡಿ, ಮಾಸ್ಟರು ತಿಂತಾ ಇದ್ದಾರೆ, ಬದುಕಿದ್ದಾರೆ" ಎಂದು ತೋರಿಸುತ್ತಿದ್ದಳು.

ಫೋನಿನ ಗೆರೆ ಮೊದಲ ದಿನ ಮೊಣಕಾಲೂರಿತು. ಎರಡನೇ ದಿನ ಕೂತಿತು. ಮೂರನೇ ದಿನದ ಹೊತ್ತಿಗೆ, ಊಟವಾದ ಮೇಲೆ ಸ್ವಲ್ಪ ತಲೆಯೆತ್ತಿ ನೋಡಿ, ಮತ್ತೆ ಮಲಗುವಷ್ಟು ಸಭ್ಯವಾಯಿತು.

ಹದಿನಾಲ್ಕನೇ ದಿನ ಸೋದರಮಾವ ಕರೆಯದೆಯೇ ಬಂದ. ಹೆಗಲ ಮೇಲೆ ಪುಡಿಯ ಚೀಲ. "ನೀರು ಹಾಕಿ ಕಲಸಿ, ಅಷ್ಟೇ" ಎನ್ನುತ್ತ ಚೀಲ ಇಳಿಸಿದ. ಅದೇ ಹೊತ್ತಿಗೆ ಆಹಾರದ ಮೇಡಮ್ಮಿನ ಫೋನು.

"ಸರ್, ಈಗ ಎಲ್ಲ ಸರಿಹೋಯ್ತು. ಆ ರುಚಿ ನೋಡೋ ವಿಷಯ ನೀವು ಮೊದಲೇ ಹೇಳಿದ್ದರೆ ಇಷ್ಟು ತಲೆಕೆಡ್ತಿರಲಿಲ್ಲ. ಸೌತೆಕಾಯಿ ನಿಮಗೆ ಬಹಳ ಒಳ್ಳೇದು. ಹೀಗೇ ಇದ್ದರೆ ಹೆದರಬೇಕಾದ್ದಿಲ್ಲ, ಮೂರು ತಿಂಗಳಿಗೆ ಡಾಕ್ಟರಿಗೆ ತೋರಿಸಿ. ನಿಮ್ಮ ಮೈಯಲ್ಲಿ ವಿಶೇಷ ಏನೂ ಇಲ್ಲ. ಎಲ್ಲರ ಹಾಗೇ."

ಅಪ್ಪ ಫೋನನ್ನೇ ನೋಡುತ್ತ ಕೂತ. "ಎಲ್ಲರ ಹಾಗೇ ಅಂತ ಹೇಳಿಸ್ಕೊಳ್ಳೋಕೆ ಹದಿನಾಲ್ಕು ದಿನ ತೋಳು ಚುಚ್ಚಿಸ್ಕೊಂಡ್ನಾ?"

ಅಮ್ಮ ತಮ್ಮನಿಗೆ ಒಂದು ಬನ್ನು, ಒಂದು ಲೋಟ ಕಾಫಿ ಕೊಟ್ಟಳು. ಅವನು ಬನ್ನು ಮುಗಿಸಿ, ಇನ್ನೊಂದು ಕೇಳಿ, ಅದನ್ನೂ ಮುಗಿಸಿ, ಚೀಲವನ್ನು ಹೆಗಲಿಗೇರಿಸಿಕೊಂಡು ಹೋದ. ಪರದೆಯ ಹಿಂದೆ ಚಿಕ್ಕವಳು ಮತ್ತೆ ಎಣ್ಣೆಯ ಬ್ರಷ್ಷು ಎತ್ತಿಕೊಂಡಳು.

ಮರುದಿನ ಬೆಳಿಗ್ಗೆ ಬಿಲ್ಲೆ ಇಲ್ಲದ ತೋಳಿನಲ್ಲಿ ಅಪ್ಪ ಭಟ್ಟಿಯ ಪಕ್ಕ ತಲೆ ವಾಲಿಸಿ ನಿಂತಿದ್ದ. ಅತ್ತೆ ಬ್ರೆಡ್ಡು ಕತ್ತರಿಸುತ್ತಿದ್ದಳು. ಚಿಕ್ಕವಳು ಕೊನೆಯ ಅಚ್ಚಿ‌ಗೆ ಎಣ್ಣೆ ಸವರಿ ಬ್ರಷ್ಷು ಕೆಳಗಿಟ್ಟಳು. ಅಪ್ಪ ಬಾಗಿಲು ತೆರೆದು ಮೊದಲ ಟ್ರೇಯನ್ನು ಎಳೆದು ಮೇಜಿನ ಮೇಲೆ ಇಟ್ಟ. ಬಿಸಿ ಬನ್ನಿನ ವಾಸನೆ ಗೋಡೆಯಿಂದ ಗೋಡೆಗೆ ತುಂಬಿಕೊಂಡಿತು.

ಚಿಕ್ಕವಳು ಒಂದು ಗುಟುಕು ನೀರು ಕುಡಿದಳು. ನಡುವಿನ ಸಾಲಿನ ಬನ್ನೊಂದನ್ನು ಎತ್ತಿ ಮುರಿದಳು. ಹಬೆ ಎದ್ದಿತು. ಸಾಸಿವೆಯಷ್ಟನ್ನು ನಾಲಗೆಯ ಮೇಲೆ ಇಟ್ಟುಕೊಂಡು ಕಣ್ಣು ಅರ್ಧ ಮುಚ್ಚಿದಳು. ಅವಸರವೇನಿರಲಿಲ್ಲ. ಅವಳು ಹೇಳುವವರೆಗೆ ದಿನ ಶುರುವಾಗುವಂತಿರಲಿಲ್ಲ. ಅತ್ತೆ ಚಾಕು ಮೇಲೆತ್ತಿದವಳು ಹಾಗೇ, ಬಾಯಿ ಬಿಗಿಹಿಡಿದು, ಅವಳ ತುಟಿಯನ್ನೇ ಕಾಯುತ್ತಿದ್ದಳು.

ಅಪ್ಪ ಹತ್ತಿರ ಬಂದ. ಬೆನ್ನ ಹಿಂದೆ ಕಟ್ಟಿದ್ದ ಕೈಗಳಲ್ಲಿ ಒಂದನ್ನು ಬಿಡಿಸಿ ಮುಂದೆ ಚಾಚಿದ. ಮುರಿದ ಬನ್ನನ್ನು ನೋಡಿದ, ಮಗಳನ್ನು ನೋಡಿದ. ಅಜ್ಜನ ಕಾಲದಿಂದ ಆ ಹೊತ್ತಿನಲ್ಲಿ ಯಾರೂ ಆಡದ ಮಾತು ಪಿಸುದನಿಯಲ್ಲಿ ಹೊರಬಂತು.

"ನಂಗೊಂದು ಚೂರು ಕೊಡೇ, ಪುಟ್ಟಿ."